ಬಾಗಿಲಲ್ಲಿ ನಿಂತು ಕೇಳಿದವರು



ಕಾಲೇಜು ಎಂದರೆ ಅಲ್ಲಿ ಪಾಠ ಹೇಳುವ ಅಧ್ಯಾಪಕರಿರುತ್ತಾರೆ. ಅವರಿಗೆ ಸಂಬಳವುಂಟು, ವೇಳಾಪಟ್ಟಿಯುಂಟು, ಮೇಜಿನ ಮೇಲೆ ಹಾಜರಿ ಪುಸ್ತಕವುಂಟು. ಇವರಲ್ಲದೆ ಇನ್ನೊಂದು ವರ್ಗದವರು ಕಾಲೇಜಿಗೆ ಬರುತ್ತಾರೆ. ಅವರು ಒಂದು ದಿನದ ಮಟ್ಟಿಗೆ ಬಂದುಹೋಗುವವರು. ಒಬ್ಬ ಕವಿ, ಒಬ್ಬ ಗಾಯಕ, ದೂರದೇಶ ಸುತ್ತಿ ಬಂದ ಒಬ್ಬ ವಿಜ್ಞಾನಿ. ಒಂದು ಗಂಟೆ ಮಾತನಾಡಿ ಅಥವಾ ಹಾಡಿ, ಹಾರ ಹಾಕಿಸಿಕೊಂಡು, ಕಾಫಿ ಕುಡಿದು ಹೊರಟುಹೋಗುತ್ತಾರೆ. ಅವರು ಹೇಳಿದ್ದರ ಮೇಲೆ ಪರೀಕ್ಷೆಯಿಲ್ಲ, ಅಂಕಗಳಿಲ್ಲ. ಆದರೂ ನನ್ನ ಹಳೆಯ ವಿದ್ಯಾರ್ಥಿಗಳು ಎಲ್ಲಾದರೂ ಸಿಕ್ಕಾಗ ನಾನು ಹೇಳಿದ ಪಾಠದ ಪ್ರಸ್ತಾಪ ಬರುವುದು ಅಪರೂಪ. 'ಆ ವರ್ಷ ಅವರು ನಮ್ಮ ಕಾಲೇಜಿಗೆ ಬಂದಿದ್ದರಲ್ಲ ಸಾರ್' ಎಂಬ ಮಾತು ಮಾತ್ರ ಬಂದೇ ಬರುತ್ತದೆ. ಇದರಿಂದ ಅಧ್ಯಾಪಕನಾದ ನನಗೆ ಸ್ವಲ್ಪ ನೋವಾಗುವುದುಂಟು. ಆದರೆ ಸತ್ಯವನ್ನು ಮುಚ್ಚಿಡಬಾರದಷ್ಟೆ.

ಹೀಗೆ ಬಂದುಹೋಗುವ ಅತಿಥಿಗಳನ್ನು ಕುರಿತು ಇಂದು ನಾಲ್ಕು ಮಾತುಗಳನ್ನಾಡಬೇಕೆಂದಿದ್ದೇನೆ. ಅದಕ್ಕೆ ಪ್ರೇರಣೆ ದೂರದ ಒಂದು ಸಭಾಂಗಣ. ಅಮೆರಿಕದ ಕ್ಯಾಲಿಫೋರ್ನಿಯಾ ಸಂಸ್ಥಾನದ ಕೂಪರ್ಟಿನೋ ಎಂಬ ಊರಿನಲ್ಲಿ ಡಿ ಆಂಝಾ ಎಂಬ ಕಾಲೇಜಿದೆ. ಅದರ ಆವರಣದಲ್ಲಿ ಫ್ಲಿಂಟ್ ಸೆಂಟರ್ ಎಂಬ ರಂಗಮಂದಿರವಿತ್ತು. 1971ರಲ್ಲಿ ಬಾಗಿಲು ತೆರೆದ ಅದು 2019ರಲ್ಲಿ ಮುಚ್ಚಿತು. ನನ್ನ ಮಗನ ಸಂಸಾರ ಆ ಊರಿನ ಹತ್ತಿರವೇ ನೆಲೆಸಿರುವುದರಿಂದ ನಾನು ಕೆಲವು ಸಲ ಅಲ್ಲಿಗೆ ಹೋಗಿಬಂದಿದ್ದೇನೆ. ಆ ಮಂದಿರದೊಳಗೆ ಕುಳಿತು ಕೇಳಿಯೂ ಇದ್ದೇನೆ. 'ಅಪ್ಪಾ, ನಿಮ್ಮ ಫ್ಲಿಂಟ್ ಸೆಂಟರ್ ಮುಚ್ಚಿಬಿಟ್ಟರು' ಎಂದು ಮಗ ದೂರವಾಣಿಯಲ್ಲಿ ಹೇಳಿದಾಗ 'ನಿಮ್ಮ' ಎಂಬ ಮಾತು ಮನಸ್ಸಿಗೆ ತಾಗಿತು. ಅದು ನನ್ನದು ಹೇಗಾಯಿತು? ಅದು ಯಾರದು? ಅಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಮೊದಲು ಆ ಕಾಲೇಜಿನ ಜಾತಿಯನ್ನು ಹೇಳಬೇಕು. ಅದು ವಿಶ್ವವಿದ್ಯಾನಿಲಯವಲ್ಲ. ಅಮೆರಿಕದಲ್ಲಿ ಕಮ್ಯೂನಿಟಿ ಕಾಲೇಜು ಎಂದು ಕರೆಯುವ ವಿದ್ಯಾಸಂಸ್ಥೆಗಳಿವೆ. ಊರ ಕಾಲೇಜು ಎಂದರೆ ನಮಗೆ ಹತ್ತಿರವಾದೀತು. ಎರಡು ವರ್ಷಗಳ ವ್ಯಾಸಂಗ. ಆಮೇಲೆ ಬೇಕಾದವರು ವಿಶ್ವವಿದ್ಯಾನಿಲಯಕ್ಕೆ ಹೋಗಬಹುದು, ಬೇಡದವರು ಕಲಿತ ಕಸುಬನ್ನು ಹಿಡಿದು ಬದುಕಬಹುದು. ಇಲಿನಾಯ್ ಸಂಸ್ಥಾನದ ಜೋಲಿಯೆಟ್ ಎಂಬಲ್ಲಿ 1901ರಲ್ಲಿ ಈ ಬಗೆಯ ಮೊದಲ ಸಾರ್ವಜನಿಕ ಕಾಲೇಜು ಹುಟ್ಟಿತು. ಎರಡನೆಯ ಮಹಾಯುದ್ಧ ಮುಗಿದ ಮೇಲೆ, 1947ರಲ್ಲಿ, ಅಧ್ಯಕ್ಷ ಟ್ರೂಮನ್ನರು ನೇಮಿಸಿದ ಆಯೋಗವೊಂದು ಇಂಥ ಕಾಲೇಜುಗಳು ದೇಶದ ತುಂಬ ಏಳಬೇಕೆಂದು ಶಿಫಾರಸು ಮಾಡಿತು. 1960ರಲ್ಲಿ ಕ್ಯಾಲಿಫೋರ್ನಿಯಾ ತನ್ನ ಉನ್ನತ ಶಿಕ್ಷಣದ ಮಹಾಯೋಜನೆಯನ್ನು ರೂಪಿಸಿದಾಗ, ಕಲಿಯಬಲ್ಲ ಯಾರೇ ಬಂದರೂ ಇಲ್ಲಿ ಬಾಗಿಲು ಹಾಕಕೂಡದೆಂಬ ತತ್ತ್ವವನ್ನು ಒಪ್ಪಿಕೊಂಡಿತು. ಹಗಲೆಲ್ಲ ಅಂಗಡಿಯಲ್ಲಿ ದುಡಿದು ಸಂಜೆ ತರಗತಿಗೆ ಬರುವವರು, ಮಕ್ಕಳನ್ನು ದೊಡ್ಡವರನ್ನಾಗಿ ಮಾಡಿ ಮತ್ತೆ ಪುಸ್ತಕ ಹಿಡಿದ ತಾಯಂದಿರು, ನಿನ್ನೆ ಮೊನ್ನೆ ದೇಶಾಂತರದಿಂದ ಬಂದು ಇಂಗ್ಲಿಷನ್ನು ಅಕ್ಷರಶಃ ಕಲಿಯುತ್ತಿರುವವರು, ಎಲ್ಲರೂ ಅಲ್ಲಿ ವಿದ್ಯಾರ್ಥಿಗಳೇ.

ಡಿ ಆಂಝಾ ಕಾಲೇಜು 1967ರಲ್ಲಿ ಆರಂಭವಾಯಿತು. ಅದರ ಅಕ್ಕ ಫುಟ್‌ಹಿಲ್ ಕಾಲೇಜು. ಎರಡಕ್ಕೂ ಆಡಳಿತ ಒಂದೇ. ಇಂದು ಸಿಲಿಕಾನ್ ಕಣಿವೆ ಎಂದು ಜಗತ್ತು ಕರೆಯುವ ಆ ಸೀಮೆ ಅಂದು ಹಣ್ಣಿನ ತೋಟಗಳ ಸೀಮೆಯಾಗಿತ್ತು. ವಸಂತ ಬಂದರೆ ಕಣಿವೆಯೆಲ್ಲ ಬಿಳಿಯ ಹೂ. ಕಾಲೇಜು ಎದ್ದುದೂ ಒಂದು ಹಳೆಯ ದ್ರಾಕ್ಷಿತೋಟದ ಎಸ್ಟೇಟಿನಲ್ಲಿ. ಆ ಎಸ್ಟೇಟಿನ ಬಂಗಲೆ ಇಂದಿಗೂ ಕಾಲೇಜಿನ ನಡುವೆ ನಿಂತಿದೆ. ಕಾಲೇಜಿನ ಹೆಸರು ಒಬ್ಬ ದಾರಿಹೋಕನದು. ಹುವಾನ್ ಬಾತಿಸ್ತಾ ದೆ ಆಂಝಾ ಎಂಬ ಸ್ಪೇನಿನ ಸೇನಾನಿ ತನ್ನ ತಂಡದೊಡನೆ 1776ರಲ್ಲಿ ಆ ಹಾದಿಯಾಗಿ ಸಾಗಿಹೋದ. ತಂಡದ ಪಾದ್ರಿಯೊಬ್ಬರು ಅಲ್ಲಿನ ಹೊಳೆಗೆ ಇಟ್ಟ ಹೆಸರಿನಿಂದಲೇ ಊರಿಗೆ ಕೂಪರ್ಟಿನೋ ಎಂಬ ಹೆಸರು ಬಂದಿತು. ಅತಿಥಿಗಳು ಬಂದುಹೋದ ಕಥೆ ಅಲ್ಲಿ ಹೆಸರಿನಿಂದಲೇ ಆರಂಭವಾಗುತ್ತದೆ ಎನ್ನಬಹುದು.

ಊರಿಗೆ ಮಾತುಗಾರರನ್ನು ಕರೆಸಿ ಕೇಳುವುದು ಅಮೆರಿಕದವರಿಗೆ ಹೊಸದಲ್ಲ. 1826ರಷ್ಟು ಹಿಂದೆಯೇ ಮ್ಯಾಸಚೂಸೆಟ್ಸಿನ ಒಂದು ಸಣ್ಣ ಊರಿನಲ್ಲಿ ಲೈಸಿಯಂ ಎಂಬ ಉಪನ್ಯಾಸ ಸಂಘ ಹುಟ್ಟಿ, ಬೇಗನೆ ಊರೂರಿಗೂ ಹಬ್ಬಿತು. ಎಮರ್ಸನ್ ಮಹಾಶಯ ಜೀವನೋಪಾಯಕ್ಕೆ ನೆಚ್ಚಿದ್ದುದು ಬಹುಮಟ್ಟಿಗೆ ಇಂಥ ಉಪನ್ಯಾಸಗಳನ್ನೇ. 1874ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಶಟಾಕ್ವಾ ಸರೋವರದ ದಂಡೆಯಲ್ಲಿ ಬೇಸಗೆಯ ಶಿಬಿರಗಳು ಮೊದಲಾದವು. ಮುಂದೆ ಅವುಗಳ ಮಾದರಿಯಲ್ಲಿ ಡೇರೆ ಹೊತ್ತು ಊರೂರು ತಿರುಗುವ ಮಂಡಳಿಗಳು ಬಂದವು. ನಮ್ಮ ಸ್ವಾಮಿ ವಿವೇಕಾನಂದರೂ 1893ರ ಸರ್ವಧರ್ಮ ಸಮ್ಮೇಳನದ ಬಳಿಕ ಇಂಥದೊಂದು ಉಪನ್ಯಾಸ ಸಂಸ್ಥೆಯ ಕರಾರಿಗೆ ಒಳಗಾಗಿ ಕೆಲವು ಕಾಲ ತಿರುಗಿ, ಬೇಸತ್ತು, ಅದನ್ನು ಬಿಟ್ಟು ಹೊರಬಂದರು. ಅದಕ್ಕೆ ಹಿಂದಿನ ವರ್ಷ ಅವರು ನಮ್ಮ ಮೈಸೂರಿನಲ್ಲಿ ಮಹಾರಾಜರ ಅತಿಥಿಯಾಗಿದ್ದವರು. ಕರಾರಿನ ಅತಿಥಿಗೂ ಮನೆಯ ಅತಿಥಿಗೂ ಇರುವ ಭೇದವನ್ನು ಅವರಷ್ಟು ಬಲ್ಲವರು ಯಾರು?

ಊರ ಕಾಲೇಜುಗಳು ಈ ಪರಂಪರೆಯ ಮೊಮ್ಮಕ್ಕಳು. 1968ರಲ್ಲಿ ಫುಟ್‌ಹಿಲ್ ಕಾಲೇಜಿನ ಆಶ್ರಯದಲ್ಲಿ ಪ್ರಸಿದ್ಧ ವ್ಯಕ್ತಿಗಳ ಉಪನ್ಯಾಸಮಾಲೆಯೊಂದು ಮೊದಲಾಯಿತು; ಫ್ಲಿಂಟ್ ಸೆಂಟರ್ ಎದ್ದ ಮೇಲೆ ಅದು ದಶಕಗಳ ಕಾಲ ಅಲ್ಲಿ ನಡೆಯಿತು. ರಾಜಕಾರಣ ಬಲ್ಲವರು, ಆಕಾಶಯಾನ ಮಾಡಿದವರು, ಲೇಖಕರು, ನಟರು, ಪತ್ರಿಕೋದ್ಯಮಿಗಳು ಆ ವೇದಿಕೆಯನ್ನು ಹತ್ತಿ ಇಳಿದರು. ಸುಮಾರು 2400 ಆಸನಗಳ ಆ ಮಂದಿರ ಸಾಲದೆ ಒಬ್ಬರೇ ಉಪನ್ಯಾಸಕರು ಮೂರು ಸಂಜೆ ಮಾತನಾಡುವ ಪದ್ಧತಿಯೂ ಇತ್ತು. ಸ್ಯಾನ್ ಫ್ರಾನ್ಸಿಸ್ಕೋ ಸಿಂಫನಿಯಂಥ ಘನವಾದ ವಾದ್ಯಮೇಳ ತನ್ನ ನಗರದ ಭವ್ಯ ಭವನವನ್ನು ಬಿಟ್ಟು ಈ ಎರಡು ವರ್ಷದ ಕಾಲೇಜಿನ ಅಂಗಳಕ್ಕೆ ಬಂದು ಬಾರಿಸಿ ಹೋಗುತ್ತಿತ್ತು. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜಿಗೆ ಪ್ರತಿವರ್ಷ ದೊಡ್ಡ ವಿದ್ವಾಂಸರು ಪಕ್ಕವಾದ್ಯದವರೊಡನೆ ಬಂದು ಕಚೇರಿ ಮಾಡುವುದನ್ನು ಊಹಿಸಿಕೊಂಡರೆ ಇದರ ಸೊಗಸು ತಿಳಿದೀತು.

ಆದರೆ ಆ ವೇದಿಕೆಯ ಮೇಲೆ ಮಾತನಾಡಿದ ಅತಿಥಿಗಳಲ್ಲೆಲ್ಲ ಅತ್ಯಂತ ಪ್ರಸಿದ್ಧರು ಯಾರು ಎಂದು ಕೇಳಿದರೆ, ಉತ್ತರ ವಿಚಿತ್ರವಾದುದು. ಅದು ಮನುಷ್ಯನಲ್ಲ, ಒಂದು ಯಂತ್ರ. 1984ರ ಜನವರಿ 24ರಂದು ಅದೇ ಊರಿನ ಆಪಲ್ ಕಂಪನಿಯ ಪಾಲುದಾರರ ವಾರ್ಷಿಕ ಸಭೆ ಆ ಮಂದಿರದಲ್ಲಿ ನಡೆಯಿತು. ಸ್ಟೀವ್ ಜಾಬ್ಸ್ ಎಂಬ ತರುಣ ಒಂದು ಚೀಲದಿಂದ ಪುಟ್ಟ ಗಣಕಯಂತ್ರವನ್ನು ಹೊರತೆಗೆದು ಮೇಜಿನ ಮೇಲಿಟ್ಟ. ಮ್ಯಾಕಿಂತಾಷ್ ಎಂಬ ಆ ಯಂತ್ರ ತಾನೇ ದನಿ ತೆಗೆದು ತನ್ನ ಪರಿಚಯವನ್ನು ಸಭೆಗೆ ಮಾಡಿಕೊಟ್ಟಿತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. 1998ರಲ್ಲಿ ಐಮ್ಯಾಕ್ ಎಂಬ ಯಂತ್ರವೂ, 2014ರಲ್ಲಿ ಆ ಕಂಪನಿಯ ಕೈಗಡಿಯಾರವೂ ಅಲ್ಲಿಯೇ ಬೆಳಕು ಕಂಡವು. ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. ಆ ಕಂಪನಿಯನ್ನು ಜಾಬ್ಸರ ಜೊತೆಗೂಡಿ ಕಟ್ಟಿದ ಸ್ಟೀವ್ ವಾಝ್ನಿಯಾಕ್ ಒಂದು ಕಾಲಕ್ಕೆ ಅದೇ ಡಿ ಆಂಝಾ ಕಾಲೇಜಿನ ವಿದ್ಯಾರ್ಥಿಯಾಗಿದ್ದವರು. ವಿದ್ಯಾರ್ಥಿಯಾಗಿ ಓಡಾಡಿದ ಅಂಗಳಕ್ಕೆ ಅವರ ಕೈಕೂಸು ಅತಿಥಿಯಾಗಿ ಮರಳಿದಂತಾಯಿತು.

ಎಲ್ಲರಿಗೂ ತಿಳಿದ ಕಥೆ ಇದು. ಅದೇ 1984ರಲ್ಲಿ ನಡೆದ ಇನ್ನೊಂದು ಸಂಗತಿಯನ್ನು ಯಾರೂ ಅಷ್ಟಾಗಿ ನೆನೆಯುವುದಿಲ್ಲ. ಅಲ್ಲಿಯತನಕ ಕ್ಯಾಲಿಫೋರ್ನಿಯಾದ ಊರ ಕಾಲೇಜುಗಳಲ್ಲಿ ಆ ಸಂಸ್ಥಾನದ ನಿವಾಸಿಗಳಿಗೆ ಪ್ರವೇಶ ಶುಲ್ಕವಿರಲಿಲ್ಲ. 1978ರಲ್ಲಿ ಮತದಾರರು ಆಸ್ತಿತೆರಿಗೆಗೆ ಮಿತಿ ಹಾಕುವ ಒಂದು ಪ್ರಸ್ತಾವವನ್ನು ಗೆಲ್ಲಿಸಿದರು. ಊರ ಕಾಲೇಜುಗಳು ನೆಚ್ಚಿಕೊಂಡಿದ್ದುದು ಆ ತೆರಿಗೆಯನ್ನೇ. ಬೊಕ್ಕಸ ಒಣಗಿತು. ಕೊನೆಗೆ 1984ರಲ್ಲಿ, ಯಂತ್ರ ಮಾತನಾಡಿದ ಕೆಲವೇ ತಿಂಗಳ ಬಳಿಕ, ವಿದ್ಯಾರ್ಥಿಗಳ ಮೇಲೆ ಮೊದಲ ಬಾರಿಗೆ ಸಂಸ್ಥಾನದ ಶುಲ್ಕ ಬಿದ್ದಿತು: ಒಂದು ಯೂನಿಟ್ಟಿಗೆ ಐದು ಡಾಲರು. ದೊಡ್ಡ ಮೊತ್ತವಲ್ಲ, ನಿಜ. ಆದರೆ ಪುಕ್ಕಟೆಯಾಗಿದ್ದ ಬಾಗಿಲಿಗೆ ಒಂದು ಕಾಸಿನ ಬೀಗ ಹಾಕಿದರೂ ಅದು ಬೀಗವೇ. ಒಳಗೆ ವೇದಿಕೆಯ ಮೇಲೆ ಬರುವವರ ಬೆಲೆ ಏರುತ್ತಾ ಹೋದಂತೆ ಹೊರಗೆ ಬಾಗಿಲಿನ ಬೆಲೆಯೂ ಏರತೊಡಗಿತೇ ಎಂದು ಯೋಚಿಸುತ್ತೇನೆ. ಇವೆರಡಕ್ಕೂ ಕಾರ್ಯಕಾರಣ ಸಂಬಂಧವಿಲ್ಲವೆಂಬುದನ್ನು ಬಲ್ಲೆ. ಆದರೂ ಒಂದೇ ಅಂಗಳದಲ್ಲಿ, ಒಂದೇ ವರ್ಷದಲ್ಲಿ ನಡೆದ ಎರಡು ಸಂಗತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ತಪ್ಪಲ್ಲವಷ್ಟೆ.

ಇನ್ನು ನನ್ನ ಸ್ವಂತ ಅನುಭವಕ್ಕೆ ಬರುತ್ತೇನೆ. 2003ರ ಒಂದು ಸಂಜೆ ಮಗ ನನ್ನನ್ನು ಆ ಮಂದಿರಕ್ಕೆ ಸಿಂಫನಿ ಕೇಳಲು ಕರೆದುಕೊಂಡು ಹೋದ. ಟಿಕೆಟ್ಟಿನ ಬೆಲೆ ಎಷ್ಟೆಂದು ಆತ ಹೇಳಲಿಲ್ಲ. ನಾನೇ ಅದರ ಮೇಲೆ ಅಚ್ಚಾಗಿದ್ದ ಅಂಕಿಯನ್ನು ಮನಸ್ಸಿನಲ್ಲೇ ರೂಪಾಯಿಗೆ ಪರಿವರ್ತಿಸಿ ನೋಡಿದೆ. ನೋಡಬಾರದಿತ್ತು. ಸುತ್ತ ಕುಳಿತವರಲ್ಲಿ ನನ್ನಂಥ ನರೆತ ತಲೆಗಳೇ ಹೆಚ್ಚಾಗಿ ಕಂಡವು. ಬಾಜನೆ ಮೊದಲಾಯಿತು. ಪಾಶ್ಚಾತ್ಯ ಸಂಗೀತದಲ್ಲಿ ನನಗೆ ಪರಿಶ್ರಮವಿಲ್ಲ. ಒಂದು ಭಾಗ ಅಬ್ಬರದಿಂದ ಏರಿ ಥಟ್ಟನೆ ನಿಂತಾಗ, ಮುಗಿಯಿತೆಂದು ಭಾವಿಸಿ ಗಟ್ಟಿಯಾಗಿ ಚಪ್ಪಾಳೆ ತಟ್ಟಿದೆ. ಇಡೀ ಮಂದಿರದಲ್ಲಿ ಆ ಚಪ್ಪಾಳೆ ಒಂದೇ. ಕೃತಿ ಪೂರ್ತಿ ಮುಗಿಯುವ ತನಕ ಕೈ ತಟ್ಟಬಾರದೆಂಬ ಮರ್ಯಾದೆ ನನಗೆ ತಿಳಿದಿರಲಿಲ್ಲ. ನಾಚಿಕೆಯಿಂದ ಪಕ್ಕಕ್ಕೆ ತಿರುಗಿದೆ. ಅಲ್ಲಿ ಬಾಗಿಲ ಬಳಿ ಗೋಡೆಗೆ ಒರಗಿ ಒಬ್ಬ ಹುಡುಗಿ ನಿಂತಿದ್ದಳು. ಬಂದವರಿಗೆ ಆಸನ ತೋರಿಸುವ ಸ್ವಯಂಸೇವಕಿ ಅವಳು. ಕೈಯಲ್ಲಿ ಪುಟ್ಟ ಟಾರ್ಚು. ನನ್ನನ್ನು ನೋಡಿ ಹಾಸ್ಯ ಮಾಡಲಿಲ್ಲ. ಪರವಾಗಿಲ್ಲವೆಂಬಂತೆ ತಲೆಯಾಡಿಸಿ, ಮತ್ತೆ ವೇದಿಕೆಯ ಕಡೆ ಕಣ್ಣು ನೆಟ್ಟಳು.

ವಿರಾಮದಲ್ಲಿ ಅವಳನ್ನು ಮಾತನಾಡಿಸಿದೆ. ಡಿ ಆಂಝಾದಲ್ಲಿಯೇ ಓದುತ್ತಿರುವುದಾಗಿ ಹೇಳಿದಳು. ದಾದಿಯರ ಶಿಕ್ಷಣಕ್ಕೆ ಸೇರಬೇಕೆಂದು ಅದಕ್ಕೆ ಬೇಕಾದ ವಿಷಯಗಳನ್ನು ಒಂದೊಂದಾಗಿ ಮುಗಿಸುತ್ತಿದ್ದಳು. ಬೆಳಿಗ್ಗೆ ತರಗತಿ, ಮಧ್ಯಾಹ್ನ ಒಂದು ಹೋಟೆಲಿನಲ್ಲಿ ಕೆಲಸ, ವಾರಕ್ಕೊಂದೆರಡು ಸಂಜೆ ಇಲ್ಲಿ. 'ಸಂಗೀತ ಕಲಿತಿದ್ದೀಯಾ?' ಎಂದು ಕೇಳಿದೆ. 'ಇಲ್ಲ ಸರ್, ಇಲ್ಲಿ ನಿಂತು ಕೇಳಿದ್ದಷ್ಟೆ. ಟಿಕೆಟ್ಟು ಕೊಂಡು ಕುಳಿತಿದ್ದರೆ ವರ್ಷಕ್ಕೆ ಒಂದು ಕೇಳುತ್ತಿದ್ದೆನೋ ಏನೋ. ನಿಂತು ಕೇಳುವುದರಿಂದ ಎಲ್ಲ ಕೇಳುತ್ತೇನೆ' ಎಂದಳು. ಘಂಟೆಯಾಯಿತು. ಅವಳು ಬಾಗಿಲಿಗೆ ಹೋದಳು, ನಾನು ನನ್ನ ಆಸನಕ್ಕೆ ಹೋದೆ. ಆದರೆ ಆಮೇಲಿನ ಸಂಗೀತ ನನ್ನ ಕಿವಿಗೆ ಬೀಳಲಿಲ್ಲ. ಬಾಗಿಲಲ್ಲಿ ನಿಂತು ಕೇಳಿದ ಇನ್ನೊಬ್ಬರು, ಮೂವತ್ತು ವರ್ಷಗಳ ಹಿಂದಿನವರು, ನೆನಪಿಗೆ ಬಂದು ನಿಂತಿದ್ದರು.

ಅದನ್ನು ಹೇಳುವ ಮುನ್ನ ನಮ್ಮ ನಾಡಿನ ಅತಿಥಿಪರಂಪರೆಗೆ ಒಂದು ನಮಸ್ಕಾರ ಹೇಳಬೇಕು. ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದ ವಿದ್ಯಾವರ್ಧಕ ಸಂಘಕ್ಕೆ ಅತಿಥಿಯಾಗಿ ಹೋಗಿ, ಕನ್ನಡ ಮಾತು ತಲೆಯೆತ್ತುವ ಬಗೆಯನ್ನು ಕುರಿತು ಭಾಷಣ ಮಾಡಿದರು. ಇಂಗ್ಲಿಷ್ ಅಧ್ಯಾಪಕರೊಬ್ಬರು ನೆರೆಯ ಪ್ರಾಂತಕ್ಕೆ ಹೋಗಿ ಮಾಡಿದ ಒಂದು ಭಾಷಣ ಅದು. ಅದರ ಪ್ರತಿಧ್ವನಿ ಇನ್ನೂ ನಿಂತಿಲ್ಲ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಎ. ಆರ್. ಕೃಷ್ಣಶಾಸ್ತ್ರಿಗಳು ಕಟ್ಟಿ ಬೆಳೆಸಿದ ಕರ್ನಾಟಕ ಸಂಘದಿಂದ 'ಪ್ರಬುದ್ಧ ಕರ್ನಾಟಕ'ವೇ ಹುಟ್ಟಿಬಂದಿತು. ಮೈಸೂರು ವಿಶ್ವವಿದ್ಯಾನಿಲಯದ ಪ್ರಚಾರೋಪನ್ಯಾಸಗಳ ಮೂಲಕ ಪ್ರಾಧ್ಯಾಪಕರು ಸಣ್ಣ ಸಣ್ಣ ಊರುಗಳಿಗೆ ಬಂದು ಸಾಮಾನ್ಯ ಜನರೆದುರು ಶಾಸ್ತ್ರವಿಷಯಗಳನ್ನು ತಿಳಿಗನ್ನಡದಲ್ಲಿ ಬಿಡಿಸಿಟ್ಟರು. ನಮ್ಮ ನಾಡಿನ ಯಾವ ಕಾಲೇಜನ್ನು ನೋಡಿದರೂ ಅಲ್ಲೊಂದು ಕನ್ನಡ ಸಂಘ. ಅದಕ್ಕೊಬ್ಬ ಹೊಣೆಗಾರ ಅಧ್ಯಾಪಕ. ಅವನ ಕಿಸೆಯಲ್ಲಿ ಹಣವಿಲ್ಲ, ತಲೆಯಲ್ಲಿ ಮಾತ್ರ ಅತಿಥಿಗಳ ಪಟ್ಟಿ. ಆ ಬಡ ಅಧ್ಯಾಪಕರಲ್ಲಿ ನಾನೂ ಒಬ್ಬನಾಗಿದ್ದೆ.

1974ರ ಆಷಾಢ. ಮಲೆನಾಡಿನ ಒಂದು ತಾಲ್ಲೂಕು ಕೇಂದ್ರದ ಕಾಲೇಜು. ನಾನು ಒಬ್ಬ ಗಮಕಿಗಳನ್ನು ಆಹ್ವಾನಿಸಿದ್ದೆ. ಸಂಭಾವನೆ ಇಪ್ಪತ್ತೈದು ರೂಪಾಯಿ ಎಂದು ಕಾಗದದಲ್ಲಿ ಬರೆದಿದ್ದೆ. ಬೆಳಗಿನಿಂದ ಜಡಿಮಳೆ, ಹಳ್ಳಿಯ ಹುಡುಗರು ಹೊಳೆ ದಾಟಿ ಬರುವಂತಿರಲಿಲ್ಲ. ಕಾಲೇಜಿನ ಕಚೇರಿಯಲ್ಲಿ ವಿಚಾರಿಸಿದರೆ ಸಂಘದ ಹಣಕ್ಕೆ ಇನ್ನೂ ಮಂಜೂರಾತಿ ಬಂದಿರಲಿಲ್ಲ. ಬಸ್ಸು ಎರಡು ಗಂಟೆ ತಡವಾಗಿ ಬಂದಿತು. ತೊಯ್ದ ಪಂಚೆಯನ್ನು ಎತ್ತಿ ಕಟ್ಟಿಕೊಂಡು, ಗ್ರಂಥವನ್ನು ಮೇಣಗಬಟದಲ್ಲಿ ಸುತ್ತಿ ಎದೆಗವಚಿಕೊಂಡು ಗಮಕಿಗಳು ಇಳಿದರು. ಸಭೆಯಲ್ಲಿ ನನ್ನನ್ನೂ ಸೇರಿಸಿ ಹನ್ನೊಂದು ಜನ. 'ದೊಡ್ಡ ಸಭೆಯೇ ಸೇರಿದೆ' ಎಂದು ಅವರು ನಕ್ಕು, ಕುಮಾರವ್ಯಾಸನ ಉದ್ಯೋಗಪರ್ವವನ್ನು ತೆರೆದರು. ಕೃಷ್ಣ ಕರ್ಣನನ್ನು ರಥದಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಅವನ ಹುಟ್ಟಿನ ಗುಟ್ಟನ್ನು ಹೇಳುವ ಸಂದರ್ಭ. ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಅವರು ಅದರ ಶ್ರುತಿಗೇ ಸೇರಿಸಿದಂತೆ ಓದಿದರು.

ನಮ್ಮ ಕಾಲೇಜಿನ ಗಂಟೆ ಎಂದರೆ ಹಳೆಯ ರೈಲುಕಂಬಿಯ ಒಂದು ತುಂಡು, ಜಗುಲಿಯಲ್ಲಿ ತೂಗುಹಾಕಿತ್ತು. ಕಾಲಕಾಲಕ್ಕೆ ಅದನ್ನು ಬಾರಿಸುವುದು ಜವಾನನ ಕೆಲಸ. ಆತ ಕೈಯಲ್ಲಿ ಕಬ್ಬಿಣದ ಸಲಾಕೆ ಹಿಡಿದು ಬಾಗಿಲಲ್ಲಿ ಬಂದು ನಿಂತಿದ್ದ. ನಾಲ್ಕು ಗಂಟೆಯಾಯಿತು. ಗಂಟೆ ಬಾರಿಸಲಿಲ್ಲ. ನಾಲ್ಕೂಕಾಲಾಯಿತು. ಅಡುಗೆಮನೆಯ ಹೊಗೆಯಂತೆ ಮಂಜು ಒಳಗೆ ನುಗ್ಗುತ್ತಿತ್ತು. ಆತ ಕಣ್ಣು ರೆಪ್ಪೆ ಬಡಿಯದೆ ಕೇಳುತ್ತಿದ್ದ. ಇತ್ತ ಬೇರೆ ತರಗತಿಗಳು ಬಿಡಲಿಲ್ಲ, ಪ್ರಯೋಗಶಾಲೆಯ ಹುಡುಗರು ಬಸ್ಸು ತಪ್ಪಿಸಿಕೊಂಡರು, ಗಲಾಟೆಯಾಯಿತು. ವಾಚನ ಮುಗಿದದ್ದು ಐದಕ್ಕೆ ಹತ್ತು ನಿಮಿಷವಿರುವಾಗ.

ಅಧ್ಯಾಪಕರ ಕೊಠಡಿಯಲ್ಲಿ ನಾನು ಅವರಿವರಿಂದ ಕೂಡಿಸಿದ ಹಣ ಹದಿನೆಂಟು ರೂಪಾಯಿ. ತಲೆತಗ್ಗಿಸಿ ಅದನ್ನು ಗಮಕಿಗಳ ಕೈಗಿತ್ತೆ. ಅವರು ಎಣಿಸಿಕೊಂಡರು; ಒಂದು ಚೀಟಿಯ ಮೇಲೆ 'ಹದಿನೆಂಟು ರೂಪಾಯಿ ಮುಟ್ಟಿತು' ಎಂದು ಬರೆದು ಸಹಿ ಹಾಕಿದರು. ಇಪ್ಪತ್ತು ರೂಪಾಯಿ ಮೀರಿದರೆ ರಸೀದಿಗೆ ರೆವಿನ್ಯೂ ಸ್ಟಾಂಪು ಹಚ್ಚಬೇಕಾಗಿದ್ದ ಕಾಲ ಅದು. 'ಒಳ್ಳೆಯದೇ ಆಯಿತು ಮೇಷ್ಟ್ರೇ, ಸ್ಟಾಂಪಿನ ಖರ್ಚು ಉಳಿಯಿತು' ಎಂದರು. ಅವರ ಮುಖದಲ್ಲಿ ಕಹಿಯಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ಮರುದಿನ ಜವಾನನಿಗೆ ಕಾರಣ ಕೇಳಿ ನೋಟೀಸು ಬಂದಿತು. ಒಂದು ದಿನದ ಸಂಬಳ ಕಡಿತವಾಯಿತು. ಶ್ರೋತೃಗಳೇ, ಇಲ್ಲಿ ನಾನೊಂದು ತಪ್ಪೊಪ್ಪಿಗೆ ಮಾಡಿಕೊಳ್ಳಬೇಕು. ನಾನು ಹೋಗಿ, 'ಸಭೆ ನನ್ನದು, ಹೊಣೆ ನನ್ನದು. ಆ ಮನುಷ್ಯ ಕುಮಾರವ್ಯಾಸನನ್ನು ಕೇಳುತ್ತಾ ಮೈಮರೆತ. ನಾವು ಕಾಲೇಜು ತೆರೆದಿರುವುದು ಬೇರೆ ಯಾತಕ್ಕೆ?' ಎಂದು ಹೇಳಬಹುದಾಗಿತ್ತು. ಹೇಳಲಿಲ್ಲ. ನನ್ನ ನೌಕರಿ ಆಗಿನ್ನೂ ಖಾಯಂ ಆಗಿರಲಿಲ್ಲ. ಕರ್ಣನ ಪ್ರಸಂಗಕ್ಕೆ ತರಗತಿಯಲ್ಲಿ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ ನಾನು ಅಂದು ಬಾಯಿ ಮುಚ್ಚಿಕೊಂಡು ಸುಮ್ಮನಿದ್ದೆ. ಮುಂದಿನ ವರ್ಷಗಳಲ್ಲಿ ಎಷ್ಟೋ ಅತಿಥಿಗಳನ್ನು ಕರೆಸಿದೆ. ಪ್ರಶಸ್ತಿ ಪಡೆದವರು ಬಂದರು, ಮಂತ್ರಿಗಳು ಬಂದರು. ಆ ಗಮಕಿಗಳಿಗೆ ಮತ್ತೆ ಕಾಗದ ಬರೆಯುವ ಧೈರ್ಯ ಮಾತ್ರ ನನಗೆ ಬರಲಿಲ್ಲ.

ಇದೇ ನೆನಪಿನ ಬೆಳಕಿನಲ್ಲಿ ನಾನು ಫ್ಲಿಂಟ್ ಸೆಂಟರಿನ ಸುದ್ದಿಯನ್ನು ಮತ್ತೆ ಯೋಚಿಸಿದೆ. 2019ರಲ್ಲಿ ಅದನ್ನು ಮುಚ್ಚಲು ಆಡಳಿತ ಮಂಡಳಿ ತೀರ್ಮಾನಿಸಿದಾಗ ಮುಂದಿಟ್ಟ ವಾದಗಳು ಸುಲಭವಾಗಿ ತಳ್ಳಿಹಾಕುವಂಥವಲ್ಲ. ಅರ್ಧ ಶತಮಾನ ಸವೆದ ಕಟ್ಟಡ. ದುರಸ್ತಿಗೆ ಬಹಳ ಹಣ ಬೇಕು. ಅಷ್ಟು ಖರ್ಚು ಮಾಡಿದರೂ ಕಾಲೇಜಿನ ವಿದ್ಯಾರ್ಥಿಗಳಿಗೆ ಅದರಿಂದ ಆಗುವ ಉಪಯೋಗ ಅಲ್ಪ. ಇಷ್ಟು ದೊಡ್ಡ ಮಂದಿರವನ್ನು ತುಂಬಬಲ್ಲ ಅತಿಥಿಗೆ ಕೊಡುವ ಹಣ ದೊಡ್ಡದು. ಆ ಹಣ ಹುಟ್ಟಬೇಕಾದರೆ ಟಿಕೆಟ್ಟಿನ ಬೆಲೆ ಏರಬೇಕು. ಬೆಲೆ ಏರಿದಂತೆ, ಸಂಜೆ ತರಗತಿಗೆ ಬರುವ ಅಂಗಡಿಯ ಹುಡುಗ ದೂರ ಸರಿಯುತ್ತಾನೆ. ಹೀಗೆ ಕಾಲೇಜು ಒಂದು ಕಡೆ, ಮಂದಿರ ಒಂದು ಕಡೆ ಆಗುವುದು ಯಾರ ದುರುದ್ದೇಶದಿಂದಲೂ ಅಲ್ಲ, ಬರಿಯ ಲೆಕ್ಕದಿಂದ. ಮೊದಲು ಸುದ್ದಿ ಕೇಳಿದಾಗ ನನಗೆ ಬಂದದ್ದು ಸಿಟ್ಟು. ಆಮೇಲೆ, 'ತನ್ನ ಮಕ್ಕಳು ಕುಳಿತುಕೊಳ್ಳಲಾಗದ ಚಾವಡಿಯನ್ನು ಯಜಮಾನ ಎಷ್ಟು ದಿನ ಸಾಕಿಯಾನು?' ಎಂದೂ ಅನ್ನಿಸಿತು.

ಆದರೂ ಆ ಲೆಕ್ಕದ ಪುಸ್ತಕದಲ್ಲಿ ಟಾರ್ಚು ಹಿಡಿದು ನಿಂತ ಆ ಹುಡುಗಿ ಎಲ್ಲಿದ್ದಾಳೆ? ಆಸನಗಳನ್ನು ಎಣಿಸಬಹುದು, ಟಿಕೆಟ್ಟುಗಳನ್ನು ಎಣಿಸಬಹುದು. ಬಾಗಿಲಲ್ಲಿ ನಿಂತು ಕೇಳಿದವರ ಸಂಖ್ಯೆಯನ್ನು ಬರೆಯಲು ಯಾವ ಲೆಕ್ಕಪತ್ರದಲ್ಲಿಯೂ ಕಲಂ ಇಲ್ಲ. ಅತಿಥಿಯ ಮಾತು ಮುಂದಿನ ಸಾಲಿನಲ್ಲಿ ಕುಳಿತವರನ್ನು ದಾಟಿ ಹಿಂದಕ್ಕೆ ಹೋಗುತ್ತದೆ; ಅದು ಕೊನೆಗೆ ಯಾರ ಮನೆ ಸೇರುತ್ತದೆಂಬುದು ಕರೆದವನಿಗೂ ತಿಳಿಯದು, ಬಂದವನಿಗೂ ತಿಳಿಯದು. ಕಾಲೇಜಿನ ಆವರಣದಲ್ಲೇ ಆ ಮಂದಿರವಿದ್ದುದರಿಂದ ಆ ಹುಡುಗಿಗೆ ತರಗತಿಯಿಂದ ಅಲ್ಲಿಗೆ ನಡೆದುಬರುವುದು ಸಾಧ್ಯವಾಯಿತು. ಸಭಾಂಗಣ ಕಾಲೇಜಿನೊಳಗೆ ಇರಬೇಕಾದದ್ದು ಇಷ್ಟಕ್ಕಾಗಿ. ಮಂದಿರ ಮುಚ್ಚಿದ್ದಕ್ಕಿಂತ, ಬಾಗಿಲಲ್ಲಿ ನಿಂತವರಿಗೆ ಒಳಗೆ ಒಂದು ಕುರ್ಚಿ ಹಾಕುವ ಉಪಾಯ ಅದು ಮುಚ್ಚುವ ತನಕ ಸಾಕಷ್ಟು ಹೊಳೆಯದೆ ಹೋದದ್ದೇ ನನಗೆ ಹೆಚ್ಚಿನ ನಷ್ಟವಾಗಿ ಕಾಣುತ್ತದೆ.

ಅದೇ ಸೀಮೆಯಲ್ಲಿ ನಮ್ಮವರೂ ಇದ್ದಾರೆ. ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ 1973ರಿಂದ ನಡೆದುಬಂದಿದೆ. ಅವರಿಗೆ ಸ್ವಂತದ ದೊಡ್ಡ ಮಂದಿರವೆಲ್ಲಿ? ಶಾಲೆ ಕಾಲೇಜುಗಳ ಸಭಾಂಗಣಗಳನ್ನು ಬಾಡಿಗೆಗೆ ಹಿಡಿಯಬೇಕು. ನಾನು ಅಲ್ಲಿದ್ದಾಗ ಊರಿನಿಂದ ಒಂದು ಯಕ್ಷಗಾನ ಮೇಳ ಬಂದಿತ್ತು. ಭಾಗವತರಿಗೆ ಒಬ್ಬರ ಮನೆಯಲ್ಲಿ ವಾಸ್ತವ್ಯ, ಚೆಂಡೆಯವರಿಗೆ ಇನ್ನೊಬ್ಬರ ಮನೆಯಲ್ಲಿ. ನನ್ನ ಸೊಸೆ ಎಂಟು ಜನಕ್ಕೆ ಸಾರು ಪಲ್ಯ ಮಾಡಿ ಕಾರಿನಲ್ಲಿಟ್ಟುಕೊಂಡು ಹೋದಳು. ಮೇಕಪ್ಪಿನ ಕೋಣೆಯಾಗಿ ಮಾರ್ಪಟ್ಟಿದ್ದ ತರಗತಿಯ ಬಾಗಿಲಲ್ಲಿ, ಶಾಲೆಯ ಕಾವಲುಗಾರ ಬೀಗದ ಕೈಗೊಂಚಲನ್ನು ಹಿಡಿದು ನಿಂತು, ಕಿರೀಟ ಕಟ್ಟುವುದನ್ನು ಕಣ್ಣರಳಿಸಿ ನೋಡುತ್ತಿದ್ದ. ಹತ್ತು ಗಂಟೆಗೆ ಬಾಗಿಲು ಹಾಕಬೇಕೆಂಬ ಕರಾರಿತ್ತು. ಹತ್ತೂವರೆಯಾದರೂ ಆತ ಬಾಗಿಲು ಹಾಕಲಿಲ್ಲ. ಆತನಿಗೆ ಅದರಿಂದ ಏನಾದರೂ ತೊಂದರೆಯಾಯಿತೇ ಎಂದು ಈ ಸಲ ನಾನು ಬಿಡದೆ ವಿಚಾರಿಸಿದೆ. ಇಲ್ಲವೆಂದು ತಿಳಿದು ಸಮಾಧಾನವಾಯಿತು.

ಕೊನೆಯದಾಗಿ ಒಂದು ಮಾತು. ನಿವೃತ್ತನಾಗಿ ಹಲವು ವರ್ಷಗಳ ಮೇಲೆ ನಾನು ಕೆಲಸ ಮಾಡಿದ ಆ ಮಲೆನಾಡಿನ ಊರಿಗೆ ಒಂದು ಮದುವೆಗೆಂದು ಹೋಗಿದ್ದೆ. ಸಂತೆಬೀದಿಯಲ್ಲಿ ನಮ್ಮ ಹಳೆಯ ಜವಾನ ಸಿಕ್ಕಿದ. ಬೆನ್ನು ಬಾಗಿತ್ತು, ಗುರುತು ಮಾಸಿರಲಿಲ್ಲ. ಹೋಟೆಲಿಗೆ ಕರೆದುಕೊಂಡು ಹೋಗಿ ಕಾಫಿ ಕುಡಿಸಿದೆ. ಎಷ್ಟೋ ವರ್ಷಗಳಿಂದ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತನ್ನು ಹೇಗೋ ಹೊರತೆಗೆದು, 'ಅಂದು ನಿನ್ನ ಸಂಬಳ ಹಿಡಿದಾಗ ನಾನು ಸುಮ್ಮನಿದ್ದದ್ದು ತಪ್ಪಾಯಿತು' ಎಂದೆ. ಆತನಿಗೆ ಅದು ನೆನಪೇ ಇದ್ದಂತೆ ಕಾಣಲಿಲ್ಲ; ಅಥವಾ ನನ್ನ ಮುಖ ನೋಡಿ ಮರೆತಂತೆ ನಟಿಸಿದನೋ, ಹೇಳಲಾರೆ. ಲೋಟ ಕೆಳಗಿಟ್ಟು ಕೇಳಿದ: 'ಅದಿರಲಿ ಮೇಷ್ಟ್ರೇ, ಆ ಗಮಕದೋರು ಮತ್ತೆ ಬರ್ಲೇ ಇಲ್ವಲ್ಲ? ಕರ್ಣ ಆಮೇಲೆ ಕೃಷ್ಣನಿಗೆ ಏನಂದ ಅನ್ನೋದನ್ನ ಅವರು ಮುಂದಿನ ಸಲ ಓದ್ತೀನಿ ಅಂದಿದ್ರು.'

ಗಮಕಿಗಳು ಹಾಗೆಂದದ್ದು ನನಗೆ ಮರೆತೇಹೋಗಿತ್ತು. ಬಾಗಿಲಲ್ಲಿ ನಿಂತಿದ್ದವನಿಗೆ ಮರೆತಿರಲಿಲ್ಲ. ಅವರು ಆಗ ಬದುಕಿರಲಿಲ್ಲ. ಆ ಹೋಟೆಲಿನ ಮೇಜಿನ ಮುಂದೆ ಕುಳಿತು, ನನಗೆ ರಾಗದ ಗಂಧವಿಲ್ಲದಿದ್ದರೂ, ಕಥೆಯ ಉಳಿದ ಭಾಗವನ್ನು ನನಗೆ ತಿಳಿದಂತೆ ಆತನಿಗೆ ಹೇಳಿದೆ. ಆತ ಗಮನವಿಟ್ಟು ಕೇಳಿ, 'ಅವರು ಹೇಳಿದ್ದರೆ ಇನ್ನೂ ಚೆನ್ನಾಗಿರ್ತಿತ್ತು' ಎಂದ. ನ್ಯಾಯವಾದ ವಿಮರ್ಶೆ.

ಕಾಲೇಜುಗಳನ್ನು ನಡೆಸುವ ಮಹನೀಯರಲ್ಲಿ, ಸಂಘಗಳ ಹೊಣೆ ಹೊತ್ತ ತರುಣ ಅಧ್ಯಾಪಕರಲ್ಲಿ ನನ್ನದೊಂದು ಸಣ್ಣ ವಿಜ್ಞಾಪನೆ. ಅತಿಥಿಗಳನ್ನು ಕರೆಯಿರಿ, ದೊಡ್ಡವರನ್ನೇ ಕರೆಯಬೇಕೆಂದಿಲ್ಲ. ಹೇಳಿದ ಸಂಭಾವನೆಯನ್ನು ಹೇಳಿದಷ್ಟು ಕೊಡಿ. ಸಭೆ ಮೊದಲಾಗುವ ಮುನ್ನ ಒಮ್ಮೆ ಬಾಗಿಲ ಕಡೆ ತಿರುಗಿ ನೋಡಿ. ಅಲ್ಲಿ ಯಾರಾದರೂ ನಿಂತಿದ್ದರೆ ಒಳಗೆ ಒಂದು ಕುರ್ಚಿ ಹಾಕಿಸಿ. ಗಂಟೆಯನ್ನು ಬೇಕಾದರೆ ಅಂದು ನೀವೇ ಬಾರಿಸಿ. ಮತ್ತೆ ಬರುವಂತೆ ಅತಿಥಿಗೆ ಕಾಗದ ಬರೆಯುವುದನ್ನು ಮರೆಯಬೇಡಿ.